ಕಡಲತಳದ ಮೀಥೇನಿಗೆ ‘ಒಸರು’ ಎನ್ನಬಹುದೇ?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ಬೆಂಗಳೂರಿನಿಂದ ನಮಸ್ಕಾರ.

ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಭೂವಿಜ್ಞಾನದ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಡಲತಳದಿಂದ ಹೊರಬಂದ, ಇಂಗಾಲವೂ ಜಲಜನಕವೂ ಸೇರಿ ಆದ ಮೀಥೇನ್, ಕಚ್ಚಾತೈಲಗಳಂಥ ಹೈಡ್ರೋಕಾರ್ಬನ್‌ಗಳು ಕಲ್ಲಿನಲ್ಲಿ ಉಳಿಸಿಹೋದ ಗುರುತುಗಳನ್ನು ಹಿಡಿದು, ಕೋಟ್ಯಂತರ ವರ್ಷಗಳ ಹಿಂದೆ ಆ ಜಾಗದ ಪರಿಸರ ಹೇಗಿತ್ತೆಂಬುದನ್ನು ಭೂವಿಜ್ಞಾನಿಯೊಬ್ಬರು ಹೇಗೆ ನಿರ್ಣಯಿಸುತ್ತಾರೆ ಎಂಬುದು ಅದರ ವಿಷಯ. ಇದಕ್ಕೆಲ್ಲ ಬುಡದಲ್ಲಿರುವ ‘ಸೀಪ್’, ಅದರಲ್ಲೂ ‘ಕೋಲ್ಡ್ ಸೀಪ್’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನನ್ನಬೇಕೆಂಬುದೇ ನನ್ನ ಪ್ರಶ್ನೆ.

ಪದವನ್ನು ತೂಗುವ ಮೊದಲು ವಸ್ತುವಿನ ಪರಿಚಯ ಅಗತ್ಯ. ಕಡಲತಳದ ಹೂಳಿನಡಿ ಸೇರಿಕೊಂಡ ಮೀಥೇನ್, ಕೆಲವೆಡೆ ಅದರೊಂದಿಗೆ ಕಚ್ಚಾತೈಲವೂ, ಬಿರುಕುಗಳ ಮೂಲಕ ಮೇಲೇರಿ ಬರುತ್ತವೆ. ಹೀಗೆ ಹೊರಬರುವ ತಾಣವೇ ‘ಸೀಪ್’. ಆಮ್ಲಜನಕವಿಲ್ಲದ ಆ ಹೂಳಿನಲ್ಲಿ ಆರ್ಕಿಯಾ ಎಂಬ ಏಕಕೋಶದ ಸೂಕ್ಷ್ಮಜೀವಿಗಳೂ ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾಗಳೂ ಜೊತೆಗೂಡಿ ಮೀಥೇನನ್ನು ಉತ್ಕರ್ಷಿಸುತ್ತವೆ. ಇದರಿಂದ ಹುಟ್ಟುವ ಬೈಕಾರ್ಬೊನೇಟ್, ನೀರಿನಲ್ಲಿರುವ ಕ್ಯಾಲ್ಸಿಯಂನೊಂದಿಗೆ ಸೇರಿ ಅಲ್ಲಿಯೇ ಸುಣ್ಣಗಲ್ಲಾಗುತ್ತದೆ. ಜೊತೆಗೆ ಹುಟ್ಟುವ ಹೈಡ್ರೋಜನ್ ಸಲ್ಫೈಡನ್ನು ನೆಚ್ಚಿಕೊಂಡು, ಬಿಸಿಲಿನ ಹಂಗಿಲ್ಲದೆ ಕಪ್ಪೆಚಿಪ್ಪುಗಳೂ ಕೊಳವೆಹುಳುಗಳೂ ಬೆಳೆಯುತ್ತವೆ. ಮೆಕ್ಸಿಕೊ ಕೊಲ್ಲಿಯಲ್ಲಿ, ಫ್ಲಾರಿಡಾದ ಕಡಿದಾದ ಕಡಲಂಚಿನ ಬುಡದಲ್ಲಿ, ಸುಮಾರು 3,200 ಮೀಟರ್ ಆಳದಲ್ಲಿ ಇಂಥ ಜೀವಸಮುದಾಯವಿರುವುದು 1984ರಲ್ಲಿ ವರದಿಯಾಯಿತು. ನಮ್ಮ ಬಂಗಾಳ ಕೊಲ್ಲಿಯೂ ಇದಕ್ಕೆ ಹೊರತಲ್ಲ: ಕೃಷ್ಣಾ-ಗೋದಾವರಿ ಜಲಾನಯನದ ಕಡಲತಳದಲ್ಲಿ ಈಗಲೂ ಸಕ್ರಿಯವಾಗಿರುವ ಮೀಥೇನ್ ನೆಲೆಯೊಂದನ್ನು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ.

ಪತ್ರಿಕೆಗಳಲ್ಲಿ ಸುಲಭವಾಗಿ ಸಿಗುವ ಪದ ‘ಸೋರಿಕೆ’. ಅನಿಲ ಸೋರಿಕೆ, ತೈಲ ಸೋರಿಕೆ, ಪ್ರಶ್ನೆಪತ್ರಿಕೆ ಸೋರಿಕೆ ಎಂದು ಓದಿ ಪಳಗಿದವರಿಗೆ ಆ ಪದದಲ್ಲಿ ಯಾರದೋ ಅಜಾಗರೂಕತೆ, ಏನೋ ಅವಘಡ ಕೇಳಿಸುತ್ತದೆ. ‘ಕಡಲತಳದಲ್ಲಿ ಮೀಥೇನ್ ಸೋರಿಕೆ’ ಎಂಬ ತಲೆಬರಹ ಕಂಡರೆ, ಯಾವ ಕಂಪನಿಯ ಕೊಳವೆ ಒಡೆಯಿತೆಂದು ಓದುಗರು ಹುಡುಕುವುದು ಸಹಜ. ಆದ್ದರಿಂದ ಇದನ್ನು ನಾನು ಒಪ್ಪಲಾರೆ. ‘ಒರತೆ’ ಮನಸ್ಸಿಗೆ ಹಿತವಾದ ಪದವೇನೋ ಹೌದು, ಆದರೆ ಬಾವಿಯ ತಳದ ನೀರನ್ನು ಬಿಟ್ಟು ಬೇರೆಡೆಗೆ ಅದು ಕದಲುವುದು ಕಷ್ಟ. ‘ಜಿನುಗು’ ತೀರ ಮೆಲ್ಲಗಿನದು. ಕೆಲವು ಕಡೆ ಮೀಥೇನಿನ ಗುಳ್ಳೆಗಳು ಸಾಲುಗಟ್ಟಿ ತಳದಿಂದ ನೂರಾರು ಮೀಟರ್ ಮೇಲಕ್ಕೇಳುವುದನ್ನು ಹಡಗಿನ ಪ್ರತಿಧ್ವನಿ ಉಪಕರಣಗಳು ತೋರಿಸುತ್ತವೆ, ಅದನ್ನು ಜಿನುಗುವುದೆನ್ನಲು ಬಾಯಿ ಬಾರದು. ‘ಬುಗ್ಗೆ’ಯನ್ನು ಬಳಸುವಂತಿಲ್ಲ, ಏಕೆಂದರೆ ಪುತ್ತೂರಿನ ಬಳಿಯ ಬೆಂದ್ರುತೀರ್ಥದಂಥ ಬಿಸಿನೀರಿನ ಬುಗ್ಗೆಗಳಿಂದಾಗಿ ಅದಕ್ಕೆ ಬಿಸಿಯ ನೆನಪು ಅಂಟಿಕೊಂಡಿದೆ. 1977ರಲ್ಲಿ ಗಲಪಗೋಸ್ ಬಳಿ ಕಂಡ ಕಡಲತಳದ ಬಿಸಿನೀರಿನ ತಾಣಗಳಿಗೆ ಅದನ್ನು ಮೀಸಲಿಡುವುದು ಒಳ್ಳೆಯದು.

ಉಳಿದದ್ದು ‘ಒಸರು’. ಮಳೆ ನಿಂತ ಮೇಲೂ ಲಾಲ್‌ಬಾಗಿನ ಬಂಡೆಯ ಬಿರುಕಿನಿಂದ ನೀರು ಒಸರುತ್ತದೆ, ಗಾಯದಿಂದ ರಕ್ತ ಒಸರುತ್ತದೆ, ಮರದಿಂದ ಅಂಟು ಒಸರುತ್ತದೆ. ಒಳಗಿದ್ದದ್ದು ತನ್ನ ಒತ್ತಡದಿಂದಲೇ ಬಿರುಕು ಹುಡುಕಿ ಹೊರಬರುವುದು ಈ ಎಲ್ಲದರಲ್ಲೂ ಇದೆ, ಮತ್ತು ಹೊರಬರುವುದು ನೀರೇ ಆಗಬೇಕೆಂಬ ಕಟ್ಟಳೆಯಿಲ್ಲ. ವೇಗದ ವಿಷಯದಲ್ಲಿ ಒಸರೂ ನಿಧಾನದ್ದೇ ಎಂಬ ಆಕ್ಷೇಪ ಬರಬಹುದು. ಆದರೂ ಜಿನುಗಿಗಿಂತ ಅದರ ಹರವು ದೊಡ್ಡದೆಂದು ನನಗೆ ತೋರುತ್ತದೆ.

‘ಕೋಲ್ಡ್’ ಎಂಬ ವಿಶೇಷಣದ ಪಾಡು ಬೇರೆ. ಈ ಒಸರು ಸುತ್ತಲಿನ ನೀರಿಗಿಂತ ತಣ್ಣಗೇನೂ ಇರುವುದಿಲ್ಲ. ಬಿಸಿನೀರಿನ ತಾಣಗಳಿಂದ ಬೇರ್ಪಡಿಸಿ ಹೇಳಲಷ್ಟೇ ಆ ಮಾತು ಹುಟ್ಟಿತು. ‘ಶೀತ ಒಸರು’ ಎಂದರೆ ನೆಗಡಿಯ ಲಕ್ಷಣವೆಂದು ಭಾವಿಸುವವರೂ ಇದ್ದಾರು, ಅರಿಸಮಾಸದ ದೂರು ಹೇಗೂ ಇದ್ದೇ ಇದೆ. ಎರಡನ್ನೂ ಹೋಲಿಸುವ ಸಂದರ್ಭದಲ್ಲಿ ಮಾತ್ರ ‘ತಣ್ಣನೆಯ ಒಸರು’ ಎಂದು ಬರೆದು, ಉಳಿದೆಡೆ ‘ಕಡಲತಳದ ಒಸರು’ ಎಂದರೆ ಸಾಕೆಂಬುದು ನನ್ನ ನಿಲುವು. ಹೈಡ್ರೋಕಾರ್ಬನ್ ಎಂಬುದನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೇನೆ, ‘ಜಲ-ಇಂಗಾಲ’ದಂಥ ರೂಪ ಅದರಲ್ಲಿ ನೀರಿದೆಯೆಂಬ ತಪ್ಪು ಕಲ್ಪನೆ ಕೊಡುತ್ತದೆ.

ನಿಜವಾದ ತೊಡಕು ಪಳೆಯುಳಿಕೆಯಾದ ಒಸರಿನದು. ಅಮೆರಿಕದ ಕೊಲೊರಾಡೊದಲ್ಲಿ ‘ಟೀಪಿ ಬ್ಯೂಟ್ಸ್’ ಎಂಬ ಮೊನಚು ದಿಬ್ಬಗಳಿವೆ. ಸುಮಾರು 7.5 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಯುಗದಲ್ಲಿ, ಆ ಭೂಖಂಡದ ಒಳನಾಡನ್ನು ಆವರಿಸಿದ್ದ ಕಡಲಿನ ತಳದಲ್ಲಿ ಮೀಥೇನ್ ಒಸರಿದ ಕಡೆ ಗಟ್ಟಿಯಾದ ಸುಣ್ಣಗಲ್ಲುಗಳು ಅವು. ಸುತ್ತಲಿನ ಮೆತ್ತನೆಯ ಜೇಡಿಪದರ ಸವೆದುಹೋಗಿ ಇವು ಎದ್ದುನಿಂತಿವೆ. ಒಸರಿನ ಕಲ್ಲನ್ನು ಸಾಮಾನ್ಯ ಸುಣ್ಣಗಲ್ಲಿನಿಂದ ಬೇರ್ಪಡಿಸಲು ಅದರೊಳಗಿನ ಇಂಗಾಲದ ಸಮಸ್ಥಾನಿಗಳನ್ನು, ಅಂದರೆ ತೂಕದಲ್ಲಿ ಬೇರೆಯಾದ ಇಂಗಾಲದ ಪರಮಾಣುಗಳನ್ನು, ಅಳೆಯುತ್ತಾರೆ. ಭಾರದ ಪರಮಾಣುವಾದ ಇಂಗಾಲ-13 ಗೊತ್ತಾದ ಮಾನಕವೊಂದಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದೇ ಈ ಅಳತೆ. ಸಾಮಾನ್ಯ ಕಡಲ ಸುಣ್ಣಗಲ್ಲಿನಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲಿದ್ದರೆ, ಮೀಥೇನಿನಿಂದ ಹುಟ್ಟಿದ ಕಲ್ಲಿನಲ್ಲಿ ಅದು ಎಷ್ಟೋ ವೇಳೆ ಸಾವಿರಕ್ಕೆ ಮೈನಸ್ 30ಕ್ಕಿಂತಲೂ ಕೆಳಗಿಳಿದಿರುತ್ತದೆ. ಇಲ್ಲಿ ಈಗ ಏನೂ ಒಸರುತ್ತಿಲ್ಲ, ಇರುವುದು ಕಲ್ಲು ಮಾತ್ರ. ಇದನ್ನು ‘ಪುರಾತನ ಒಸರು’ ಎಂದರೆ ಬಹುಕಾಲದಿಂದ ಇಂದಿಗೂ ಹರಿಯುತ್ತಿರುವ ಒಸರೆಂಬ ಅರ್ಥ ಬರುತ್ತದೆ. ಹಾಗಾಗಿ ಕಲ್ಲಿಗೆ ‘ಒಸರುಗಲ್ಲು’ ಎಂದು ಹೊಸದಾಗಿ ಕಟ್ಟಿ, ತಾಣಕ್ಕೆ ‘ಅಳಿದ ಒಸರು’ ಎಂದು ಬರೆದಿದ್ದೇನೆ. ಆ ಕಾಲದ ಪರಿಸರಕ್ಕೆ ‘ಪ್ರಾಚೀನ ಪರಿಸರ’ಕ್ಕಿಂತ ‘ಪುರಾಪರಿಸರ’ ಮೇಲೆನಿಸಿತು. ‘ಪ್ರಾಚೀನ’ ಎಂದೊಡನೆ ನಮಗೆ ಕದಂಬರೋ ಗಂಗರೋ ನೆನಪಾಗುತ್ತಾರೆ, ಮನುಷ್ಯರೇ ಇಲ್ಲದ ಕಾಲವಲ್ಲ.

‘ಒಸರುಗಲ್ಲು’ ಎಂದಾಗ ನೀರು ಒಸರುವ ಕಲ್ಲೆಂದು ನಿಮಗೆ ಕೇಳಿಸುತ್ತದೆಯೇ? ಹಾಗಿದ್ದರೆ ‘ಒಸರಿನ ಸುಣ್ಣಗಲ್ಲು’ ಎಂದು ಬಿಡಿಸಿ ಬರೆಯಲು ಅಡ್ಡಿಯಿಲ್ಲ. ಕರಾವಳಿ ಮತ್ತು ಮಲೆನಾಡಿನ ಕಡೆಯ ಸದಸ್ಯರಲ್ಲಿ ಇನ್ನೊಂದು ಕೋರಿಕೆ: ನಿಮ್ಮ ಊರಿನ ಮಾತಿನಲ್ಲಿ ‘ಒಸರು’ ನಾಮಪದವಾಗಿ ನೀರಿನ ಸೆಲೆಗಷ್ಟೇ ಸಲ್ಲುವುದೋ, ಎಣ್ಣೆ, ಅಂಟು, ಗಾಳಿಗಳಿಗೂ ಸಲ್ಲುವುದೋ ಎಂಬುದನ್ನು ಬಳಕೆಯ ವಾಕ್ಯದೊಡನೆ ದಯವಿಟ್ಟು ತಿಳಿಸಿಕೊಡಿ.