ಹೊಸ ಕಾರಿನೊಳಗೆ ಮಳೆನೀರು: ಮೂರು ಸಲ ಸರ್ವಿಸ್‌ಗೆ ಕೊಟ್ಟರೂ ಎಡಗಡೆ ಕಾರ್ಪೆಟ್ ಒದ್ದೆ

ತುಂಗಾತೀರ (ಪ್ರಶ್ನೆ)

ಸನ್‌ರೂಫ್ ಇರುವ ಕಾಂಪ್ಯಾಕ್ಟ್ ಎಸ್‌ಯುವಿ. ತಗೊಂಡು ಏಳು ತಿಂಗಳು, ಓಡಿರೋದು 6,200 ಕಿ.ಮೀ. ಕಾರು ಇರುವುದು ತೀರ್ಥಹಳ್ಳಿ ಕಡೆ, ಮಳೆ ಹಿಡಿದರೆ ನಾಲ್ಕು ದಿನ ಬಿಡುವುದಿಲ್ಲ.

ರಾತ್ರಿಯಿಡೀ ಮಳೆ ಹೊಡೆದರೆ ಬೆಳಗ್ಗೆ ಮುಂದಿನ ಎಡ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ. ಅಂಗೈಯಿಂದ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಏಳುತ್ತದೆ. ಈಗ ಹದಿನೈದು ದಿನದಿಂದ ಹಿಂದಿನ ಎಡಗಡೆಯೂ ತಂಪು ತಂಪು. ಬೆಳಗ್ಗೆ ಎಲ್ಲ ಗಾಜಿಗೂ ಒಳಗಿಂದ ಹಬೆ, ಮುಗ್ಗಲು ವಾಸನೆ. ಮೇಲಿನ ಬಟ್ಟೆ ಹೊದಿಕೆ, ಅಂದರೆ ರೂಫ್ ಲೈನಿಂಗ್, ಪೂರ್ತಿ ಒಣಗಿದೆ, ಕಲೆಯೂ ಇಲ್ಲ. ಎಸಿ ಹಾಕಿದರೂ ಬಿಟ್ಟರೂ ವ್ಯತ್ಯಾಸ ಇಲ್ಲ. ಒಂದು ಗಮನಿಸಿದ್ದು: ಮನೆ ಮುಂದಿನ ಇಳಿಜಾರಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದ ದಿನ ಜಾಸ್ತಿ. ಸಮತಟ್ಟು ಜಾಗದಲ್ಲಿ ನಿಂತಾಗ ಬಹಳ ಕಡಿಮೆ.

ಸರ್ವಿಸ್ ಸೆಂಟರ್‌ನವರು ಮೊದಲ ಸಲ ಎಸಿ ಡ್ರೈನ್ ಕ್ಲೀನ್ ಮಾಡಿದರು. ಎರಡನೇ ಸಲ ಡೋರ್ ಬೀಡಿಂಗ್ ಬದಲಿಸಿದರು. ಮೂರನೇ ಸಲ ಮುಂದಿನ ಗಾಜಿನ ಅಂಚಿಗೆ ಸಿಲಿಕೋನ್ ಬಳಿದು, ಕಾರ್ಪೆಟ್ ಮೇಲೆ ಬ್ಲೋವರ್ ಹಿಡಿದು ಕೊಟ್ಟರು. ಮೂರು ಸಲವೂ 'ಸರಿಯಾಗಿದೆ' ಅಂತಲೇ ಬರೆದು ಕೊಟ್ಟದ್ದು. ಇಷ್ಟು ದುಡ್ಡು ಕೊಟ್ಟು ತಂದ ಗಾಡಿಯಲ್ಲಿ ಕೂತಾಗ ಕಾಲ್ಚೀಲ ನೆನೆಯುತ್ತದೆ ಅಂದರೆ ಹೊಟ್ಟೆ ಉರಿಯುತ್ತದೆ. ಎಲ್ಲಿಂದ ಹುಡುಕಲಿ? ಅವರ ಹತ್ತಿರ ಏನು ಕೇಳಲಿ?

---

ಬಾಡಿಲೈನ್

ಮೂರು ಸಲವೂ ಅವರು ಜಾಗ ಹುಡುಕಿಲ್ಲ, ಊಹೆ ಮಾಡಿ ಔಷಧಿ ಕೊಟ್ಟಿದ್ದಾರೆ. ನೀರು ಕಾಣುವ ಕಡೆಯೇ ನೀರು ಒಳಬರುವುದಿಲ್ಲ. ಬಾಡಿಯ ಟೊಳ್ಳಿನೊಳಗೆ, ವೈರಿಂಗ್ ಗುಂಟ ಹರಿದು ತಗ್ಗು ಸಿಕ್ಕ ಕಡೆ ನಿಲ್ಲುತ್ತದೆ.

ಎಸಿ ಬಂದ್ ಆಗಿ ರಾತ್ರಿ ಸುಮ್ಮನೆ ನಿಂತ ಕಾರಲ್ಲಿ ನೀರು ತುಂಬಿದರೆ ಅದು ಎಸಿ ನೀರಲ್ಲ. ಎಂಜಿನ್ ತಂಪು ಮಾಡುವ ಕೂಲೆಂಟ್ ಆಗಿದ್ದರೆ ಬೆರಳಿಗೆ ಅಂಟುತ್ತಿತ್ತು, ಸಿಹಿ ವಾಸನೆ ಬರುತ್ತಿತ್ತು, ಗಾಜಿನ ಮೇಲೆ ಜಿಡ್ಡು ಕೂರುತ್ತಿತ್ತು. ಹಾಗಾಗಿ ಮಳೆನೀರೇ. ನಿಮ್ಮ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಇಳಿಜಾರಿನ ಮಾತು. ಮೂತಿ ತಗ್ಗಿದಾಗ ಸನ್‌ರೂಫ್ ಟ್ರೇಯಲ್ಲಿ ಸೇರಿದ ನೀರೆಲ್ಲ ಮುಂದಿನ ಎರಡು ಮೂಲೆಗೆ ಹೋಗುತ್ತದೆ.

ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ: ಸನ್‌ರೂಫ್ ಗಾಜಿನ ಸುತ್ತಲಿನ ರಬ್ಬರ್ ಪೂರ್ತಿ ನೀರು ತಡೆಯಲಿ ಅಂತ ಮಾಡಿದ್ದಲ್ಲ. ಬಹುಪಾಲು ತಡೆಯುತ್ತದೆ. ದಾಟಿ ಬಂದದ್ದು ಸುತ್ತಲಿನ ಟ್ರೇಗೆ ಬಿದ್ದು, ಮೂಲೆಗಳಲ್ಲಿರುವ ಸಣ್ಣ ಪೈಪುಗಳಲ್ಲಿ ಇಳಿದು ಹೊರಗೆ ಹೋಗಬೇಕು. ಮುಂದಿನ ಪೈಪುಗಳು ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಒಳಗೆ ಇಳಿದು ಮುಂಬಾಗಿಲಿನ ಹಿಂಜ್ ಹತ್ತಿರ ಇಲ್ಲವೇ ಫೆಂಡರ್ ಒಳಗೆ ತೆರೆದುಕೊಳ್ಳುತ್ತವೆ. ಹಿಂದಿನವು ಹಿಂದಿನ ಪಿಲ್ಲರ್‌ನಲ್ಲಿ ಇಳಿದು ಚಕ್ರದ ಗೂಡಿಗೋ ಬಂಪರ್ ಹಿಂದಕ್ಕೋ ಹೋಗುತ್ತವೆ. ಆದ್ದರಿಂದ ಸನ್‌ರೂಫ್ ಸುತ್ತ ಸಿಲಿಕೋನ್ ಬಳಿಯುವುದು ಪರಿಹಾರವೇ ಅಲ್ಲ. ಯಾರಾದರೂ ಹಾಗೆ ಮಾಡಲು ಬಂದರೆ ಬಿಡಬೇಡಿ.

ಪರೀಕ್ಷೆ ಹೀಗೆ ಮಾಡಿ. ಮಳೆ ಇಲ್ಲದ ಹೊತ್ತಲ್ಲಿ ಕಾರನ್ನು ಅದೇ ಇಳಿಜಾರಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಸನ್‌ರೂಫ್ ಪೂರ್ತಿ ತೆಗೆಯಿರಿ. ಟ್ರೇಯ ಮುಂದಿನ ಮೂಲೆಯಲ್ಲಿ ಪೆನ್ಸಿಲ್ ತೂರುವಷ್ಟು ತೂತು ಕಾಣುತ್ತದೆ. 200 ಮಿ.ಲೀ. ನೀರನ್ನು ಸಣ್ಣ ಬಾಯಿಯ ಬಾಟಲಿಯಿಂದ ಅದರ ಪಕ್ಕಕ್ಕೆ ಅರ್ಧ ನಿಮಿಷ ತಗೊಂಡು ಸುರಿಯಿರಿ. ಜಗ್ಗಿನಿಂದ ಸುರಿದರೆ ಟ್ರೇ ಉಕ್ಕಿ ಲೈನಿಂಗ್ ನೆನೆದು ಹೊಸ ತಲೆನೋವು. ಇನ್ನೊಬ್ಬರು ಟಾರ್ಚ್ ಹಿಡಿದು ಮುಂಚಕ್ರದ ಹಿಂದೆ, ಹಿಂಜ್ ಕೆಳಗೆ ನೋಡುತ್ತಿರಲಿ.

ಎರಡು ಕಡೆ ಕಣ್ಣಿರಲಿ: ಟ್ರೇಯಲ್ಲಿ ನೀರು ನಿಂತಿತೇ, ಕೆಳಗೆ ಹೊರಬಂತೇ. ನಿಂತರೆ ಪೈಪ್ ಕಟ್ಟಿದೆ ಅಥವಾ ಮಡಚಿದೆ. ನಿಲ್ಲದೆ ಇಳಿದುಹೋಗಿ, ಹೊರಗೂ ಬರದಿದ್ದರೆ ಪೈಪ್ ಎಲ್ಲೋ ಕಳಚಿದೆ, ನೀರು ಕಾರಿನೊಳಗೇ ಬೀಳುತ್ತಿದೆ. ಬಲಗಡೆಯೂ ಅಷ್ಟೇ ನೀರು ಸುರಿದು ಹೋಲಿಸಿ. ಎಡಬಲ ಹೋಲಿಕೆ ಇದ್ದರೆ ವರ್ಕ್‌ಶಾಪ್‌ನವರು ಇದು ಮಾಮೂಲಿ ಅನ್ನಲಾಗುವುದಿಲ್ಲ.

ಕಟ್ಟಿದೆ ಅನ್ನಿಸಿದರೂ ಏರ್ ಕಂಪ್ರೆಸರ್ ಗಾಳಿ ಹೊಡೆಸಬೇಡಿ. ಪೈಪನ್ನು ಟ್ರೇಯ ಮೂತಿಗೆ ಬರೀ ತೂರಿಸಿರುತ್ತಾರೆ, ಒತ್ತಡಕ್ಕೆ ಒಳಗೇ ಕಳಚಿಕೊಳ್ಳುತ್ತದೆ. ಹುಲ್ಲು ಕತ್ತರಿಸುವ ಯಂತ್ರದ 2 ಮಿ.ಮೀ. ನೈಲಾನ್ ದಾರದ ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ ನಿಧಾನ ತೂರಿಸಿದರೆ ಸಾಕು. ಬೈಕಿನ ಬ್ರೇಕ್ ವೈರ್ ಬೇಡ, ಪೈಪ್ ತೂತಾಗುತ್ತದೆ.

---

ಮಳೆಮರದ ನೆರಳು

ಬಾಡಿಲೈನ್ ಹೇಳಿದ್ದು ಮೊದಲು ಮಾಡಬೇಕಾದ್ದೇ. ಆದರೆ ಅದರಲ್ಲಿ ಏನೂ ಸಿಗದಿದ್ದರೆ ಸನ್‌ರೂಫ್ ಮೇಲೇ ತಪ್ಪು ಹೊರಿಸಿ ಕೂರಬೇಡಿ. ಎಡಗಡೆ ಮುಂದೆ ನೀರು ಬರಲು ಇನ್ನೆರಡು ದಾರಿ ಇದೆ.

ಒಂದು, ವೈಪರ್ ಕೆಳಗಿನ ಕೌಲ್, ಅಂದರೆ ಮುಂದಿನ ಗಾಜಿನ ಬುಡದಲ್ಲಿ ಜಾಲರಿ ಮುಚ್ಚಿದ ತಗ್ಗು. ಮಳೆಮರ, ಗುಲ್‌ಮೊಹರ್ ಕೆಳಗೆ ನಿಲ್ಲಿಸುವ ಕಾರುಗಳಲ್ಲಿ ಆ ಸಣ್ಣ ಸಣ್ಣ ಎಲೆ ಜಾಲರಿ ದಾಟಿ ಒಳಗೆ ಕೂತು, ಕೊಳೆತು, ಒದ್ದೆ ಚಹಾಪುಡಿಯ ಹಾಗೆ ಆಗುತ್ತದೆ. ಎರಡು ತುದಿಯ ಡ್ರೈನ್ ಮುಚ್ಚಿದರೆ ನೀರು ಏರಿ ಬ್ಲೋವರ್ ಗಾಳಿ ಎಳೆಯುವ ಬಾಯಿಯಿಂದ ಒಳಗೆ ಬರುತ್ತದೆ. ನಮ್ಮ ಬಲಗಡೆ ಸ್ಟೀರಿಂಗ್ ಕಾರುಗಳಲ್ಲಿ ಆ ಬಾಯಿ ಸಾಮಾನ್ಯವಾಗಿ ಎಡಗಡೆ. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದು ನೋಡಿ. ಅದು ಒದ್ದೆ ಇದ್ದರೆ, ಅಥವಾ ಒಣಗಿದ ನೀರಿನ ಗೆರೆ ಇದ್ದರೆ ಕೌಲ್ ಕಡೆ ಹೋಗಿ. ಫಿಲ್ಟರ್ ಗರಿಗರಿ ಒಣಗಿದ್ದರೆ ಇದನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು.

ಇನ್ನೊಂದು, ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ. ಕಿಟಕಿ ಗಾಜಿನ ಗುಂಟ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಬಾಗಿಲ ತಳದ ತೂತುಗಳಿಂದ ಹೊರಬೀಳಬೇಕು. ಟ್ರಿಮ್ (ಬಾಗಿಲ ಒಳಬದಿಯ ಹೊದಿಕೆ) ಹಿಂದೆ ಬ್ಯೂಟೈಲ್ ಅಂಟಿನಿಂದ ಹಚ್ಚಿದ ಹಾಳೆ ಒಂದು ಕಡೆ ಎದ್ದರೂ ನೀರು ಒಳಬದಿಗೆ ತಿರುಗುತ್ತದೆ. ಡೋರ್ ಬೀಡಿಂಗ್ ಎಷ್ಟು ಸಲ ಬದಲಿಸಿದರೂ ಇದು ನಿಲ್ಲುವುದಿಲ್ಲ. ಹೊರಗಿನ ಸ್ಪೀಕರ್ ಹಾಕಿಸಿದ ಬಾಗಿಲುಗಳಲ್ಲಿ ಇದೇ ಮೊದಲ ಅನುಮಾನ. ಗಾಜಿನ ಬುಡಕ್ಕೆ ಐದು ನಿಮಿಷ ನೀರು ಬಿಟ್ಟು ಬಾಗಿಲು ತೆಗೆದು, ಟ್ರಿಮ್‌ನ ಕೆಳ ಅಂಚಿಗೂ ಹೊಸ್ತಿಲ ಪಟ್ಟಿಗೂ ಒಣ ಟಿಶ್ಯೂ ಒತ್ತಿ.

ಪೈಪಿನಿಂದ ನೀರು ಬಿಟ್ಟು ನೋಡುವಾಗ ನಾಝಲ್ ತೆಗೆದು ಸಣ್ಣಗೆ ಬಿಡಿ. ಕೆಳಗಿಂದ ಶುರು ಮಾಡಿ: ಹೊಸ್ತಿಲು, ಬಾಗಿಲು, ಕೌಲ್, ಮುಂದಿನ ಗಾಜು, ಕೊನೆಗೆ ರೂಫ್, ಒಂದೊಂದಕ್ಕೂ ಐದು ನಿಮಿಷ. ಮೇಲಿಂದ ಶುರು ಮಾಡಿದರೆ ಎಲ್ಲ ಕಡೆಯೂ ನೀರಾಗಿ ಏನೂ ಗೊತ್ತಾಗುವುದಿಲ್ಲ. ಪ್ರೆಷರ್ ವಾಷರ್ ಬೇಡವೇ ಬೇಡ, ಸರಿಯಾಗಿರುವ ಸೀಲನ್ನೂ ಅದು ದಾಟುತ್ತದೆ. ಮುಂದಿನ ಗಾಜಿಗೆ ಬಳಿದ ಸಿಲಿಕೋನ್ ತೆಗೆಸಿ ಅಂತ ಕೇಳಿ. ಗಾಜು ಕೂರುವುದು ಯುರೇಥೇನ್ ಅಂಟಿನ ಮೇಲೆ. ಮುಂದೆಂದಾದರೂ ಗಾಜು ಕೂರಿಸುವಾಗ ಸಿಲಿಕೋನ್ ಉಳಿದ ಕಡೆ ಯುರೇಥೇನ್ ಹಿಡಿಯುವುದಿಲ್ಲ.

---

ವೈರಿಂಗ್ ಹಾರ್ನೆಸ್

ಸೋರಿಕೆ ಎಲ್ಲಿಂದಲೇ ಇರಲಿ, ಕಾರ್ಪೆಟ್ ಮೇಲೆ ಬ್ಲೋವರ್ ಹಿಡಿದು ಒಣಗಿಸಿದ್ದು ಲೆಕ್ಕಕ್ಕಿಲ್ಲ. ಕಾರ್ಪೆಟ್ ಕೆಳಗೆ ಸದ್ದು ತಡೆಯುವ ದಪ್ಪ ಫೋಮ್ ಇರುತ್ತದೆ, ಲೀಟರುಗಟ್ಟಲೆ ನೀರು ಹಿಡಿಯುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಕೆಳಗೆ ಹಾಗೇ ಇರುತ್ತದೆ. ಹಿಂದಿನ ಸೀಟಿನ ಕಾಲಡಿ ಈಗ ತಂಪಾಗಿರುವುದಕ್ಕೆ ಹೊಸ ಸೋರಿಕೆಯೇ ಬೇಕಿಲ್ಲ, ಮುಂದಿನ ನೀರನ್ನು ಫೋಮ್ ಎಳೆದುಕೊಂಡು ಹೋಗಿರಬಹುದು. ಹಬೆಗೂ ವಾಸನೆಗೂ ಅದೇ ಕಾರಣ.

ಹೊಸ್ತಿಲ ಪಟ್ಟಿ ಎತ್ತಿ ಕಾರ್ಪೆಟ್ ಅಂಚು ಮೇಲೆ ಮಾಡಿ, ಫೋಮ್ ಕೆಳಗೆ ಕೈ ಹಾಕಿ ನೋಡಿ. ಲೋಹದ ಮೇಲೆ ನೀರು ನಿಂತಿದ್ದರೆ ಕಾರ್ಪೆಟ್ ಹೊರಗೆ ಬರಲೇಬೇಕು. ಅಂದರೆ ಸೀಟು ಬಿಚ್ಚಬೇಕು, ಅದನ್ನು ಮನೆಯಲ್ಲಿ ಮಾಡಬೇಡಿ. ಸೀಟಿನಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗ್ ಮತ್ತು ಅಪಘಾತವಾದಾಗ ಬೆಲ್ಟ್ ಬಿಗಿ ಮಾಡುವ ಪ್ರಿಟೆನ್ಷನರ್‌ದು. ಬ್ಯಾಟರಿ ನೆಗೆಟಿವ್ ತೆಗೆದು, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದು ಆಮೇಲೆ ಮುಟ್ಟಬೇಕು. ಅದನ್ನು ಬಿಚ್ಚಿಟ್ಟು ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಎರರ್ ಕೋಡ್ ಉಳಿಯುತ್ತದೆ.

ನನಗೆ ನಿಜವಾದ ಆತಂಕ ಅಲ್ಲಿಯೇ ಇರುವ ವೈರಿಂಗ್ ಬಗ್ಗೆ. ಹೊಸ್ತಿಲ ಗುಂಟ ಹಿಂದಕ್ಕೆ ಹೋಗುವ ದಪ್ಪ ಹಾರ್ನೆಸ್ (ವೈರುಗಳ ಕಟ್ಟು) ಒದ್ದೆ ಫೋಮಿನ ಪಕ್ಕದಲ್ಲೇ ಮಲಗಿರುತ್ತದೆ. ಕನೆಕ್ಟರ್ ಪಿನ್‌ಗೆ ಹಸಿರು ಪಾಚಿಯಂಥ ತುಕ್ಕು ಹಿಡಿದರೆ ಇವತ್ತು ಏನೂ ಕಾಣುವುದಿಲ್ಲ. ವರ್ಷದ ಮೇಲೆ ಸೆಂಟ್ರಲ್ ಲಾಕ್, ಕಿಟಕಿ, ಸೆನ್ಸರ್ ಅಂತ ಒಂದೊಂದೇ ಕೈಕೊಡುತ್ತದೆ. ವಾರಂಟಿ ಇರುವಾಗಲೇ ಎಡಗಡೆಯ ಕನೆಕ್ಟರ್‌ಗಳನ್ನು ಬಿಚ್ಚಿ ಫೋಟೊ ತೆಗೆಸಿಕೊಳ್ಳಿ.

ಸಿಲಿಕಾ ಜೆಲ್ ಪೊಟ್ಟಣ, ಕಾಫಿಪುಡಿ, ಸುಗಂಧ ಇವೆಲ್ಲ ದಂಡ. ಅಲ್ಲಿಯವರೆಗೆ ಓಡಿಸುವಾಗ ಎಸಿ ಆನ್ ಇಟ್ಟು, ಬಿಸಿ ಕಡೆ ತಿರುಗಿಸಿ, ಗಾಳಿ ಕಾಲಡಿಗೆ ಬಿಡಿ. ರಬ್ಬರ್ ಮ್ಯಾಟ್ ತೆಗೆದಿಡಿ, ಅದು ತೇವವನ್ನು ಮುಚ್ಚಿ ಹಿಡಿಯುತ್ತದೆ.

---

ತುಂಗಾತೀರ

ಪರೀಕ್ಷೆ ಮಾಡಿದೆ. ಬಲ ಮುಂಮೂಲೆ: ಸುರಿದ 20 ಸೆಕೆಂಡಿಗೆ ಮುಂಚಕ್ರದ ಹಿಂದೆ ನೀರು ಸುರಿಯಿತು. ಎಡ ಮುಂಮೂಲೆ: ಟ್ರೇಯಲ್ಲಿ ನೀರು ನಿಲ್ಲಲಿಲ್ಲ, ಅಷ್ಟೇ ಬೇಗ ಇಳಿಯಿತು. ಹೊರಗೆ ಒಂದು ಹನಿಯೂ ಬರಲಿಲ್ಲ. ಎರಡು ನಿಮಿಷಕ್ಕೆ ಡ್ಯಾಶ್‌ಬೋರ್ಡ್ ಕೆಳಗೆ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಹಿಂದಿನಿಂದ ತೊಟ್ಟಿಕ್ಕಿತು. ಕ್ಯಾಬಿನ್ ಫಿಲ್ಟರ್ ಒಣಗಿದೆ. ಎ-ಪಿಲ್ಲರ್ ಟ್ರಿಮ್, ಲೈನಿಂಗ್ ಮೂಲೆ ಎರಡೂ ಒಣ. ಪಟ್ಟಿ ಎತ್ತಿದರೆ ಫೋಮ್ ಅಡಿಯಲ್ಲಿ ನೀರು ನಿಂತೇ ಇದೆ. ಎಲ್ಲವೂ ವಿಡಿಯೊದಲ್ಲಿದೆ.

---

ಬಾಡಿಲೈನ್

ಸಿಕ್ಕಿತು. ಮೇಲ್ತುದಿ ಕಳಚಿದ್ದರೆ ಲೈನಿಂಗ್ ಮೂಲೆ, ಪಿಲ್ಲರ್ ಟ್ರಿಮ್ ನೆನೆಯುತ್ತಿತ್ತು. ಅವು ಒಣಗಿದ್ದು ತೊಟ್ಟಿಕ್ಕಿದ್ದು ಕೆಳಗೆ ಅಂದರೆ, ಪೈಪಿನ ಕೆಳತುದಿಯ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕಚ್ಚಿ ಕೂರುವ ಬಳೆ) ಬಾಡಿಯ ತೂತಿನಲ್ಲಿ ಕೂತಿಲ್ಲ. ಏಳು ತಿಂಗಳ ಕಾರಲ್ಲಿ ಯಾರೂ ಆ ಭಾಗ ಬಿಚ್ಚಿಲ್ಲವೆಂದರೆ ಜೋಡಣೆಯಲ್ಲೇ ಆದ ತಪ್ಪು, ಸವೆತ ಅಲ್ಲ.

ಕೆಲಸ ಚಿಕ್ಕದು. ಗ್ಲೋವ್ ಬಾಕ್ಸ್, ಹೊಸ್ತಿಲ ಪಟ್ಟಿ, ಎಡ ಕಿಕ್ ಪ್ಯಾನೆಲ್ (ಕಾಲಿನ ಪಕ್ಕ, ಬಾಗಿಲ ಮುಂದಿನ ಪ್ಲಾಸ್ಟಿಕ್) ಬಿಚ್ಚಿದರೆ ಸಾಮಾನ್ಯವಾಗಿ ಕೈಗೆ ಸಿಗುತ್ತದೆ. ಗ್ರೋಮೆಟ್‌ನ ತುಟಿ ಸುತ್ತಲೂ ಲೋಹದ ಆಚೆಗೆ ಹೋಗಿ ಕಚ್ಚಬೇಕು. ಸೋಪಿನ ನೀರು ಹಚ್ಚಿದರೆ ಸುಲಭ, ಗ್ರೀಸ್ ಬೇಡ. ತುಟಿ ಹರಿದಿದ್ದರೆ ಹೊಸದೇ ಹಾಕಬೇಕು, ಸೀಲೆಂಟ್ ಮೆತ್ತಿ ಮುಗಿಸಬಾರದು. ಪೈಪ್ ಗಿಡ್ಡ ಇದ್ದು ಎಳೆದುಕೊಂಡಿದೆಯೇ ಅಂತಲೂ ನೋಡಲಿ. ಹಾಗಿದ್ದರೆ ಎಷ್ಟು ಸಲ ಕೂರಿಸಿದರೂ ಮತ್ತೆ ಜಾರುತ್ತದೆ. ಎ-ಪಿಲ್ಲರ್ ಟ್ರಿಮ್ ತೆಗೆಯಬೇಕಾಗಿ ಬಂದರೆ ಅಲ್ಲಿ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿ ಮೇಲೆ ಬಿಚ್ಚಿಕೊಳ್ಳುವುದು) ಇದೆಯೇ ನೋಡಿಕೊಂಡು, ಅದರ ಕ್ಲಿಪ್ ಹೊಸದು ಹಾಕಲಿ.

---

ಗ್ರಾಹಕಪಕ್ಷ

ನಾಲ್ಕನೇ ಸಲ ಬಾಯಿಮಾತಲ್ಲಿ ಹೇಳಿ ಬರಬೇಡಿ. ಜಾಬ್ ಕಾರ್ಡ್‌ನಲ್ಲಿ 'ವಾಟರ್ ಲೀಕೇಜ್ ಚೆಕ್' ಅಂತ ಎರಡೇ ಪದ ಬರೆಯುತ್ತಾರೆ, ಒಪ್ಪಬೇಡಿ. ಹೀಗೆ ಬರೆಸಿ: 'ಎಡ ಮುಂದಿನ ಸನ್‌ರೂಫ್ ಡ್ರೈನ್ ಪೈಪಿನ ನೀರು ಕ್ಯಾಬಿನ್ ಒಳಗೆ ಬೀಳುತ್ತಿದೆ, ನಾಲ್ಕನೇ ದೂರು, ಕಾರ್ಪೆಟ್ ಮತ್ತು ಫೋಮ್ ತೆಗೆದು ಬದಲಿಸಬೇಕು, ಕನೆಕ್ಟರ್ ಪರಿಶೀಲಿಸಿ ಫೋಟೊ ಕೊಡಬೇಕು, ನನ್ನೆದುರು ಮರುಪರೀಕ್ಷೆ ಆಗಬೇಕು.' ಅದೇ ಮಾತನ್ನು ವಿಡಿಯೊ ಜೊತೆ ಡೀಲರ್‌ಗೂ ಕಂಪನಿಯ ಗ್ರಾಹಕ ಸೇವೆಗೂ ಇಮೇಲ್ ಮಾಡಿ. ಹಿಂದಿನ ಮೂರು ಜಾಬ್ ಕಾರ್ಡ್‌ಗಳ ಪ್ರತಿ ಇಟ್ಟುಕೊಳ್ಳಿ, ಮುಂದೆ ಬೇಕಾಗುವ ಸಾಕ್ಷಿ ಅವೇ.

ಆಗಲೂ ಜಾರಿಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಶೋರೂಮ್ ಇರುವ ಊರಿಗೇ ಹೋಗಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಆದರೆ ಇಷ್ಟು ಸ್ಪಷ್ಟ ವಿಡಿಯೊ ಇರುವಾಗ ಮೊದಲೇ ಹೊಸ ಕಾರು ಕೊಡಿ ಅಂತ ಪಟ್ಟು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ದೋಷ ರಿಪೇರಿ ಆಗುವಂಥದ್ದು. ಪೈಪ್, ಫೋಮ್, ವೈರಿಂಗ್ ಮೂರನ್ನೂ ಕೇಳಿ, ಜೊತೆಗೆ ಈ ಭಾಗಗಳ ವಾರಂಟಿ ವಿಸ್ತರಣೆಯನ್ನು ಬರಹದಲ್ಲಿ ಕೇಳಿ.

---

ವೈರಿಂಗ್ ಹಾರ್ನೆಸ್

ಒಂದು ಸೇರಿಸುತ್ತೇನೆ. ಗ್ರೋಮೆಟ್ ಕೂರಿಸಿದ ಮೇಲೆ ಕಾರ್ಪೆಟ್ ಹಾಕುವ ಮೊದಲೇ, ಬರೀ ಲೋಹ ಕಾಣುತ್ತಿರುವಾಗಲೇ ಮರುಪರೀಕ್ಷೆ ಮಾಡಿಸಿ. ಅರ್ಧ ಲೀಟರ್ ನೀರು, ಮೊದಲು ಮೂತಿ ತಗ್ಗಿಸಿ, ಆಮೇಲೆ ಮೂತಿ ಏರಿಸಿ ಹಿಂದಿನ ಎರಡು ಮೂಲೆಗೂ. ಡಿಕ್ಕಿಯ ಸ್ಟೆಪ್ನಿ ಗುಂಡಿಯನ್ನೂ ಅವತ್ತೇ ಎತ್ತಿ ನೋಡಿ, ಟೇಲ್ ಲ್ಯಾಂಪ್ ಗ್ಯಾಸ್ಕೆಟ್ ಸೋರಿದರೆ ಅಲ್ಲಿ ಸೇರುತ್ತದೆ. ನೆಲದ ರಬ್ಬರ್ ಬಿರಡೆ ತೆಗೆದು ನೀರು ಬಸಿದಿದ್ದರೆ ಅಷ್ಟೂ ವಾಪಸ್ ಹಾಕಿದ್ದಾರೆಯೇ ಎಣಿಸಿಕೊಳ್ಳಿ. ಕಾರು ತಂದ ಮೇಲೆ ಮೊದಲ ದೊಡ್ಡ ಮಳೆ ಆದ ಮೂರನೇ ದಿನ ಹೊಸ್ತಿಲ ಪಟ್ಟಿ ಎತ್ತಿ, ಫೋಮ್ ಅಡಿಗೆ ಒಣ ನ್ಯೂಸ್‌ಪೇಪರ್ ತೂರಿಸಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ.

---

ತುಂಗಾತೀರ

ಸೋಮವಾರಕ್ಕೆ ಸಮಯ ಕೊಟ್ಟಿದ್ದಾರೆ, ಇಮೇಲ್ ಹೋಗಿದೆ. ಕಾರ್ಪೆಟ್ ತೆಗೆದಾಗ ಕರೆಯುತ್ತೇವೆ ಅಂದಿದ್ದಾರೆ, ಬಾಟಲಿ ನಾನೇ ಹಿಡಿದುಕೊಂಡು ಹೋಗುತ್ತೇನೆ.