ಹಾವು ಕಡಿತದ ಚಿಕಿತ್ಸೆ: ಡಾಕ್ಟರ್ ಮೇಡಂಗೆ ಕೇಳಿ (ಹಾವೇರಿ ಜಿಲ್ಲೆ ಗುಂಪು)

ಬ್ಯಾಡಗಿ ಟೀಚರ್: ಮೇಡಂ, ನಮ್ಮ ಕಾಕಾಗೆ ಹೊಲದಲ್ಲಿ ಹಾವು ಕಡಿಯಿತು. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರು, ಒಂದು ದಿನ ಇಟ್ಟುಕೊಂಡರು. ಹಾವಿನ ವಿಷ ಇಳಿಸುವ ಎಎಸ್‌ವಿ ಇಂಜೆಕ್ಷನ್ ಕೊಡಲೇ ಇಲ್ಲ. ಔಷಧಿ ಉಳಿಸಿದರಾ?

ಡಾಕ್ಟರ್: ಇಲ್ಲ, ಅವರು ಮಾಡಿದ್ದೇ ಸರಿ. ಕೇಂದ್ರ ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಯೇ ಹಾಗಿದೆ. ವಿಷ ಏರಿದ ಲಕ್ಷಣ ಇಲ್ಲದಿದ್ದರೆ ಎಎಸ್‌ವಿ ಕೊಡುವುದಿಲ್ಲ, 24 ಗಂಟೆ ಇಟ್ಟುಕೊಂಡು ನೋಡುತ್ತೇವೆ. ಅದು ಕುದುರೆ ರಕ್ತದಿಂದ ತಯಾರಾದ ಔಷಧಿ. ಕೆಲವರಿಗೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗುತ್ತದೆ.

ರಕ್ತ ತೆಗೆದದ್ದೂ ಸುಮ್ನೆ ಅಲ್ಲ. ಗಾಜಿನ ಟೆಸ್ಟ್ ಟ್ಯೂಬಿನಲ್ಲಿ 2 ಎಂಎಲ್ ಹಾಕಿ 20 ನಿಮಿಷ ಅಲುಗಾಡಿಸದೆ ಬಿಡುತ್ತೇವೆ. ಆಮೇಲೆ ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದು ಬಂದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂದರ್ಥ. ಆಗ ಮೊದಲ ಸುತ್ತಿಗೇ ಎಎಸ್‌ವಿ 10 ವಯಲ್ (ಸೀಸೆ). ಮಕ್ಕಳಿಗೂ ಅಷ್ಟೇ. ಮಗು ಅಂತ ಹಾವೇನು ಕಮ್ಮಿ ವಿಷ ಬಿಡುತ್ತದಾ?

ನನ್ನ ತಲೆಬಿಸಿ ಬೇರೆ. ಆ ಟ್ಯೂಬ್ ಹೊಸದಿರಬೇಕು, ಒಣಗಿರಬೇಕು. ಸೋಪುಪುಡಿಯಲ್ಲಿ ತೊಳೆದಿದ್ದರೆ ಅಥವಾ ಪ್ಲಾಸ್ಟಿಕ್ ಆಗಿದ್ದರೆ ವಿಷ ಏರದವರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ದಿಲ್ಲಿಯಲ್ಲಿ ಮಾರ್ಗಸೂಚಿ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ರಾತ್ರಿ 2 ಗಂಟೆಗೆ ಟ್ಯೂಬಿನ ಡಬ್ಬಿ ಎಲ್ಲಿದೆ ಅಂತ ಡ್ಯೂಟಿ ನರ್ಸ್‌ಗೆ ಗೊತ್ತಿರಬೇಕಲ್ವಾ?

ಹಾನಗಲ್ ಸದಸ್ಯ: (ಫಾರ್ವರ್ಡ್) ಕಡಿದ ಜಾಗದ ಮೇಲೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಕೊಯ್ದು, ಈರುಳ್ಳಿ ರಸ ಹಚ್ಚಿ.

ಡಾಕ್ಟರ್: ಕಟ್ಟಬೇಡಿ, ಕೊಯ್ಯಬೇಡಿ, ಏನೂ ಹಚ್ಚಬೇಡಿ. ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ.

ಸವಣೂರು ಅಣ್ಣ: ನಮ್ಮೂರ ನಾಟಿ ವೈದ್ಯರು ಎಷ್ಟೋ ಮಂದಿಯನ್ನು ಉಳಿಸಿದ್ದಾರೆ ರೀ.

ಬ್ಯಾಡಗಿ ಟೀಚರ್: ಕೇರೆಹಾವು ಕಡಿದವರನ್ನು ನಾನೂ ಉಳಿಸುತ್ತೇನೆ.

ಸವಣೂರು ಅಣ್ಣ: ಪಾಠ ಶಾಲೆಯಲ್ಲಿ ಮಾಡಿ. ಆಸ್ಪತ್ರೆಯಲ್ಲಿ ಯಾರೂ ಸಾಯುವುದಿಲ್ವಾ?

ಡಾಕ್ಟರ್: ಸಾಯುತ್ತಾರೆ. ನಾಟಿ ಔಷಧಿ ಮುಗಿಸಿಕೊಂಡು ತಡವಾಗಿ ಬಂದವರೂ ಅದರಲ್ಲಿ ಇರುತ್ತಾರೆ. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ನಿಮ್ಮ ವೈದ್ಯರು ಲೆಕ್ಕ ಇಟ್ಟಿದ್ದಾರಾ?

ಹಿರೇಕೆರೂರು ಸದಸ್ಯೆ: ಖಾಸಗಿ ಆಸ್ಪತ್ರೆಯಲ್ಲಿ 10 ವಯಲ್‌ಗೆ ಎಷ್ಟಾಗುತ್ತದೆ ಮೇಡಂ?

ಶಿಗ್ಗಾವಿ ರೈತ: ಹಾವು ಹೊಡೆದು ಜೊತೆಗೆ ತರಬೇಕಾ?

ಡಾಕ್ಟರ್: ಬೇಡ.

ರಾಣೆಬೆನ್ನೂರು ಸದಸ್ಯೆ: ಮೇಡಂ, ನಮ್ಮ ಮಾವನವರಿಗೆ ಬೆಳಗಿನ ಜಾವದಿಂದ ಹೊಟ್ಟೆನೋವು. ಹಾವು ನೋಡಿಲ್ಲ, ಕಡಿದ ಗುರುತೂ ಇಲ್ಲ. ರಾತ್ರಿ ನೆಲದ ಮೇಲೆ ಮಲಗಿದ್ದರು. ಈಗ ಕಣ್ಣು ತೆರೆಯಲು ಆಗುತ್ತಿಲ್ಲ. ಗ್ಯಾಸ್ ಗುಳಿಗೆ ಕೊಟ್ಟಿದ್ದೇವೆ.

ಡಾಕ್ಟರ್: ಟೈಪ್ ಮಾಡುವುದು ಬಿಡಿ, ಈಗಲೇ 108ಕ್ಕೆ ಫೋನ್ ಮಾಡಿ. ಇದು ಕಟ್ಟು ಹಾವು ಇರಬಹುದು. ಅದು ಕಡಿದದ್ದು ಎಷ್ಟೋ ಸಲ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತು ಬೀಳುವುದು, ಕೊನೆಗೆ ಉಸಿರಿಗೇ ತೊಂದರೆ. ಬಾಯಿಗೆ ನೀರು ಕೂಡ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ. ಈ ವಿಷ ಏರಿದ್ದರೂ ಟ್ಯೂಬಿನಲ್ಲಿ ರಕ್ತ ಎಂದಿನಂತೆ ಹೆಪ್ಪುಗಟ್ಟುತ್ತದೆ, ಅದನ್ನು ನೋಡಿ ಯಾರಾದರೂ ಮನೆಗೆ ಕಳಿಸಿದರೆ ಒಪ್ಪಬೇಡಿ. ನೆಲದ ಮೇಲೆ ಮಲಗಿದ್ದರು, ರೆಪ್ಪೆ ಬೀಳುತ್ತಿದೆ ಅಂತ ಡ್ಯೂಟಿ ಡಾಕ್ಟರಿಗೆ ಮೊದಲು ಹೇಳಿ.

ಹಾನಗಲ್ ಸದಸ್ಯ: ಈರುಳ್ಳಿ ಬೇಡ ಅಂದ್ರೆ ಬೆಳ್ಳುಳ್ಳಿ ನಡೆಯುತ್ತಾ?

ಸವಣೂರು ಅಣ್ಣ: ಹೊಟ್ಟೆನೋವಿಗೆಲ್ಲ ಹಾವು ಅಂದರೆ ಹೇಗೆ ರೀ? ಸುಮ್ನೆ ಹೆದರಿಸ್ತೀರಿ.

ಡಾಕ್ಟರ್: ನೀವು ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ. ರಾಣೆಬೆನ್ನೂರಿನವರು ಹೊರಟಿರಾ? ಅಡ್ಮಿನ್, ಅವರಿಗೆ ಫೋನ್ ಮಾಡಿ ನೋಡಿ.