ಸರ್ಕಾರಿ ಆಸ್ಪತ್ರೆ ಪ್ರೊಡಕ್ಟಿವಿಟಿ: ಡಾಕ್ಟ್ರಿಗೆ ಟಾರ್ಗೆಟ್ ಕೊಟ್ರೆ ಸರಿ ಹೋಗುತ್ತಾ?

ತೆರಿಗೆದಾರ: ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಬಗ್ಗೆ 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಜನ್ ಲಾರ್ಡ್ ದಾರ್ಜಿ ವರದಿ ಬಂತಲ್ಲ, ಅದನ್ನ ಓದಿದೆ. ಆಸ್ಪತ್ರೆಗಳಲ್ಲಿ ಸಿಬ್ಬಂದಿ ಜಾಸ್ತಿ ಆಗಿದಾರೆ, ಆದ್ರೆ ಟ್ರೀಟ್‌ಮೆಂಟ್ ಸಿಕ್ಕಿರೋರ ಸಂಖ್ಯೆ ಆ ಮಟ್ಟಕ್ಕೆ ಏರಿಲ್ಲ. ಇದು ಜನರ ದುಡ್ಡು. ದಿನಕ್ಕೆ ಇಷ್ಟು ಪೇಶೆಂಟ್ ನೋಡ್ಲೇಬೇಕು ಅಂತ ಟಾರ್ಗೆಟ್ ಇಡಿ, ಅಷ್ಟೇ.

ನೈಟ್‌ಡ್ಯೂಟಿ ಸಿಸ್ಟರ್: ಅದೇ ವರದೀಲಿ ಇನ್ನೊಂದು ಲೆಕ್ಕಾನೂ ಇದೆ ನೋಡಿ ಸರ್. ಶೇ. 13ರಷ್ಟು ಬೆಡ್‌ಗಳಲ್ಲಿ ಇರೋರು ಆಸ್ಪತ್ರೆಯಿಂದಾಚೆ ನೋಡ್ಕೊಳ್ಳೋ ವ್ಯವಸ್ಥೆ ಸಿಗ್ಲಿ ಅಂತ ಕಾಯ್ತಿರೋರು. ಒಂದು ಬೆಡ್ ಖಾಲಿ ಆಗ್ಲಿಲ್ಲ ಅಂದ್ರೆ ಎಮರ್ಜೆನ್ಸಿಗೆ ಬಂದೋರು ಸ್ಟ್ರೆಚರ್ ಮೇಲೇ ಉಳೀತಾರೆ, ಆಪರೇಷನ್ ಮುಂದಕ್ಕೆ ಹೋಗುತ್ತೆ, ಸರ್ಜನ್ನು ಅನಸ್ತೇಷಿಯಾದೋರು ಎಲ್ರೂ ರೆಡಿಯಾಗಿ ನಿಂತಿರ್ತಾರೆ ಆದ್ರೆ ಕೆಲಸ ಸಾಗಲ್ಲ, ಅವ್ರಿಗೆ ಟಾರ್ಗೆಟ್ ಕೊಟ್ರೆ ಬೆಡ್ ಎಲ್ಲಿಂದ ಬರುತ್ತೆ ಹೇಳಿ?

ಓಪಿಡಿ ಡಾಕ್ಟರ್: ಟಾರ್ಗೆಟ್ ಇಟ್ಟ ಕಡೆ ನಾನು ಕೆಲಸ ಮಾಡಿದೀನಿ. ಎರಡು ನಿಮಿಷಕ್ಕೊಬ್ರು. ಸರಿಯಾಗಿ ಕೇಳಿಸಿಕೊಳ್ಳದೆ ಕಳಿಸಿದೋರು ವಾರದಲ್ಲಿ ವಾಪಸ್ ಬರ್ತಿದ್ರು, ರಿಜಿಸ್ಟರಲ್ಲಿ ಅದು ಇನ್ನೊಂದು ಪೇಶೆಂಟ್ ಅಂತಲೇ ಲೆಕ್ಕ. ಅಂಕಿ ಏರ್ತು, ಕಾಯಿಲೆ ಇಳೀಲಿಲ್ಲ.

ಎಕನಾಮಿಕ್ಸ್ ಓದ್ದೋನು: ಅಮೆರಿಕದ ಅರ್ಥಶಾಸ್ತ್ರಜ್ಞ ಬೌಮೊಲ್ 1960ರ ದಶಕದಲ್ಲೇ ಹೇಳಿದ್ದು ಇದನ್ನೇ. ಫ್ಯಾಕ್ಟರೀಲಿ ಮೆಷಿನ್ ಬಂದ್ರೆ ಒಬ್ಬ ಕೆಲಸಗಾರ ಮಾಡೋ ಮಾಲು ಹೆಚ್ಚುತ್ತೆ, ಆದ್ರೆ ಗಾಯಕ್ಕೆ ಡ್ರೆಸಿಂಗ್ ಮಾಡೋಕೆ ಅವತ್ತು ಬೇಕಿದ್ದ ಹೊತ್ತೇ ಇವತ್ತೂ ಬೇಕು, ಸಂಬಳ ಮಾತ್ರ ಉಳಿದ ಕ್ಷೇತ್ರಗಳ ಜೊತೆ ಏರ್ಲೇಬೇಕು. ರೋಗಿ ಹತ್ರ ಕಳೆಯೋ ಟೈಮ್‌ಗೆ ಕೈ ಹಾಕ್ಬೇಡಿ, ಒಂದೇ ವಿವರಾನ ಮೂರ್ ಕಡೆ ಟೈಪ್ ಮಾಡೋದನ್ನ ಮೊದ್ಲು ನಿಲ್ಸಿ.

ಓಪಿಡಿ ಡಾಕ್ಟರ್: ಹೌದು, ಜೊತೆಗೆ ತಪ್ಪು ಕಮ್ಮಿ ಆದ್ರೂ ಬೆಡ್ ಉಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟಲ್ಲಿ ಇರೋದು ಬರೀ 19 ಅಂಶ. 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳೀತು, ಆಪರೇಷನ್ ನಂತರದ ತೊಂದರೆಗಳೂ ಇಳಿದ್ವು.

ತೆರಿಗೆದಾರ: ಒಪ್ತೀನಿ, ಆದ್ರೆ ಅಳತೆನೇ ಬೇಡ ಅನ್ನೋದನ್ನ ಒಪ್ಪಲ್ಲ. ಅಳೆಯದೆ ಇದ್ರೆ ಯಾರೂ ಉತ್ತರ ಕೊಡಲ್ಲ.

ನೈಟ್‌ಡ್ಯೂಟಿ ಸಿಸ್ಟರ್: ಅಳೀರಿ ಸರ್, ಬೇಡ ಅನ್ನಲ್ಲ. ಡಾಕ್ಟರ್ ರೌಂಡ್ಸಲ್ಲಿ "ಮನೆಗೆ ಹೋಗ್ಬಹುದು" ಅಂದ ಮೇಲೆ ಆ ಬೆಡ್ ಖಾಲಿ ಆಗೋಕೆ ಎಷ್ಟು ಗಂಟೆ ಹಿಡೀತು ಅಂತ ಅಳೀರಿ. ಬೆಳಿಗ್ಗೆ ಹೇಳಿದ್ದು, ಡಿಸ್ಚಾರ್ಜ್ ಸಮ್ಮರಿಗೆ ಸಹಿ ಆಗಿಲ್ಲ, ಫಾರ್ಮಸಿಯಿಂದ ಮಾತ್ರೆ ಬಂದಿಲ್ಲ ಅಂತ ರಾತ್ರಿ ನನ್ನ ಶಿಫ್ಟ್ ಶುರುವಾದಾಗ್ಲೂ ಅವ್ರು ಬ್ಯಾಗ್ ಹಿಡ್ಕೊಂಡು ಅಲ್ಲೇ ಕೂತಿರ್ತಾರೆ.